ಭೂಮಿಯನ್ನೇ ನೌಕೆ ಎಂದುಕೊಂಡು

"ನಿನ್ನ ಮನೆ ಎಲ್ಲಿದೆ ಎಂದು ತಿಳಿಯಲು ಗ್ರಹ ನೋಡಬೇಕೇನಯ್ಯ? ಜ್ಯೋತಿಷಿಯ ಹತ್ತಿರ ಹೋಗು" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕಿದ್ದರು. ನಗಲಿ. ನಕ್ಷತ್ರಗಳ ನಡುವೆ ಗ್ರಹ ಎಲ್ಲಿ ಕಾಣುತ್ತದೆ ಎಂಬುದರಿಂದ ನೌಕೆಯೊಂದು ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕಬಹುದೇ ಎಂಬುದು ನನ್ನ ಪ್ರಯೋಗ. ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿ ಇಸ್ರೋ ನೌಕೆಗಳ ಜಾಡು ಹಿಡಿಯುವ 32 ಮೀಟರ್ ಆಂಟೆನಾ ದೊಡ್ಡ ಯಾನಗಳಿಗೆ; ಚಪ್ಪಲಿ ಡಬ್ಬಿಯಷ್ಟಿರುವ ನೌಕೆ ಕ್ಯಾಮೆರಾವನ್ನೇ ನಂಬಬೇಕು. ಹಾರಿಸಲು ದುಡ್ಡಿಲ್ಲದ ನಾನು ಭೂಮಿಯನ್ನೇ ನೌಕೆ ಎಂದುಕೊಂಡೆ. ಸರಿಯುತ್ತರ ಎಫೆಮೆರಿಸ್‌ನಲ್ಲಿ (ಯಾವ ಹೊತ್ತಿಗೆ ಯಾವ ಗ್ರಹ ಎಲ್ಲಿ ಎಂಬ ಪಟ್ಟಿಯಲ್ಲಿ) ಇದ್ದೇ ಇದೆ, ತಾಳೆ ನೋಡಿದರಾಯಿತು.

ಹಳೆಯ ಕಪ್ಪುಬಿಳುಪು ಕ್ಯಾಮೆರಾಕ್ಕೆ ಇಪ್ಪತ್ತೆಂಟು ಸಾವಿರ, 85 ಮಿ.ಮೀ. ಲೆನ್ಸಿಗೆ ಒಂಬತ್ತು ಸಾವಿರ. ಮೊದಲು ಕೊಂಡ ಅಗ್ಗದ ಲೆನ್ಸು ಅಂಚಿನ ನಕ್ಷತ್ರಗಳನ್ನೆಲ್ಲ ಹುಣಸೆ ಬೀಜದಂತೆ ತೋರಿಸಿತು. ಆ ನಾಲ್ಕು ಸಾವಿರ ನೀರಿಗೆ ಹೋಯಿತು. ಚಿತ್ರದ ಒಂದು ಪಿಕ್ಸೆಲ್ಲಿಗೆ ಆಕಾಶದ ಸುಮಾರು 9 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ).

2025ರ ಜನವರಿ. ಮಂಗಳ ಪುನರ್ವಸುವಿನ ಬಳಿ, ಗುರು ರೋಹಿಣಿಯ ಬಳಿ. ಭೂಮಿ ಎಲ್ಲಿದೆ ಎಂಬುದಕ್ಕೆ ಬಂದ ಮೊದಲ ಉತ್ತರ ಐವತ್ತು-ಅರವತ್ತು ಸಾವಿರ ಕಿ.ಮೀ. ತಪ್ಪು! ಮೂರು ವಾರ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು, ಅದು ನನ್ನದೇ ಅತಿಬುದ್ಧಿ: ಅಬರೇಷನ್ (ಭೂಮಿ ಓಡುವುದರಿಂದ ಬೆಳಕಿನ ದಿಕ್ಕು ಸರಿದಂತೆ ಕಾಣುವುದು) ತಿದ್ದುಪಡಿಯನ್ನು ಗ್ರಹಕ್ಕೆ ಮಾತ್ರ ಹಾಕಿದ್ದೆ. ಅದೇ ಚಿತ್ರದ ನಕ್ಷತ್ರಗಳೂ ಅಷ್ಟೇ ಸರಿದಿರುತ್ತವಲ್ಲ! ಅದನ್ನು ತೆಗೆದರೂ ಮೂವತ್ತು ಸಾವಿರ ಉಳಿಯಿತು. ಗುರುವಿನ ಬೆಳಕು ನಮಗೆ ಮುಟ್ಟಲು ಆಗ 36 ನಿಮಿಷ, ಅಷ್ಟರಲ್ಲಿ ಗುರು ಸೆಕೆಂಡಿಗೆ 13 ಕಿ.ಮೀ.ಯಂತೆ ಮುಂದೆ ಹೋಗಿರುತ್ತಾನೆ. ನನ್ನ ಕೋಡ್ ಮಾತ್ರ ಅವನು ಈಗ ಎಲ್ಲಿದ್ದಾನೆ ಎಂದು ಕೇಳುತ್ತಿತ್ತು.

ಇನ್ನು ಹೊಳಪಿನ ಕಾಟ. ನಕ್ಷತ್ರ ಕಾಣುವಷ್ಟು ಎಕ್ಸ್‌ಪೋಷರ್ ಕೊಟ್ಟರೆ ಗುರು ಬಿಳಿ ಮುದ್ದೆಯಾಗುತ್ತಾನೆ, ಸೆಂಟ್ರಾಯ್ಡ್ (ಬೆಳಕಿನ ಕೇಂದ್ರ) ಎತ್ತಲೋ ಹೋಗುತ್ತದೆ. ಒಂದು ರಾತ್ರಿ ಸುಮ್ಮನೆ ಗುರುವನ್ನು ಬಿಟ್ಟು ಅವನ ಚಂದ್ರ ಕ್ಯಾಲಿಸ್ಟೊವನ್ನು ಹಿಡಿದೆ. ಚುಕ್ಕಿಯಂಥ ಚಂದ್ರ, ನಕ್ಷತ್ರಗಳ ಹೊಳಪಿಗೆ ಸಮೀಪ! ನಾಸಾದ ವಾಯೇಜರ್ ನೌಕೆಯವರೂ ಚಂದ್ರಗಳನ್ನೇ ಬಳಸಿದ್ದರು. 1979ರಲ್ಲಿ ಆ ತಂಡದ ಲಿಂಡಾ ಮೊರಾಬಿಟೊ ಗುರುವಿನ ಇನ್ನೊಂದು ಚಂದ್ರ ಅಯೊದ ಜ್ವಾಲಾಮುಖಿಯನ್ನು ಕಂಡದ್ದು ಇಂಥದೇ ದಾರಿ ಹುಡುಕುವ ಚಿತ್ರದಲ್ಲಿ. ನನಗೆ ಜ್ವಾಲಾಮುಖಿಯೇನೂ ಸಿಗಲಿಲ್ಲ, ಪಕ್ಕದ ಮನೆಯ ನೀರಿನ ಟ್ಯಾಂಕ್ ಎರಡು ಸಲ ಸಿಕ್ಕಿತು. ಮುಸ್ಸಂಜೆಯಲ್ಲಿ ಶುಕ್ರನನ್ನೂ ಹಿಡಿಯಲು ಹೋದೆ. ಸುತ್ತ ಸಾಕಷ್ಟು ನಕ್ಷತ್ರಗಳೇ ಇಲ್ಲ, ಬಿಟ್ಟೆ.

ಮಂಗಳನಿಗೆ ಗಿಡ್ಡ, ಉದ್ದ ಎಕ್ಸ್‌ಪೋಷರ್‌ಗಳನ್ನು ಹೆಣೆದು ತೆಗೆಯುತ್ತೇನೆ. ಯಾವ ಕ್ರಮದಲ್ಲಿ, ಯಾವುದಕ್ಕೆ ಎಷ್ಟು ತೂಕ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಒಂಬತ್ತು ಒಳ್ಳೆಯ ರಾತ್ರಿಗಳ ಸರಾಸರಿ ತಪ್ಪು ಎರಡು ಸಾವಿರ ಕಿ.ಮೀ. ಆಸುಪಾಸು. ಭೂಮಿಯ ವ್ಯಾಸವೇ ಹನ್ನೆರಡು ಸಾವಿರಕ್ಕೂ ಹೆಚ್ಚು. ಐವತ್ತು ಸಾವಿರದೊಳಗಿನ ಸಾಮಾನಿಗೆ ಇದು ಕಡಿಮೆಯೇ? ಏಪ್ರಿಲ್‌ನಲ್ಲಿ ಮತ್ತೆ ಕೆಟ್ಟಿತು. ಮಂಗಳನ ಒಂದು ಅಂಚು ಕತ್ತಲಾಗಿ ಬೆಳಕಿನ ಕೇಂದ್ರ ಸರಿದಿರಬೇಕು. ಅದಕ್ಕೆ ತಿದ್ದುಪಡಿ ಬರೆಯುವಷ್ಟರಲ್ಲಿ ಮಳೆಗಾಲ ಹಿಡಿಯಿತು.