ಹ್ಯಾಲೋವೀನ್ ಮಮ್ಮಿ ಬಿಸ್ಕತ್ತು: ಚಾಕೊಲೇಟ್‌ಗೆ ನೀರು ತಾಗದಿರಲಿ

ಅಮೆರಿಕದಲ್ಲಿರುವ ಗೆಳತಿಯರೇ, ಅಕ್ಟೋಬರ್ 31ಕ್ಕೆ, ಮಕ್ಕಳು ಭೂತದ ವೇಷ ಹಾಕುವ ಹ್ಯಾಲೋವೀನ್ ಹಬ್ಬಕ್ಕೆ, ಮಮ್ಮಿ ಬಿಸ್ಕತ್ತು (ಬಟ್ಟೆ ಸುತ್ತಿಟ್ಟ ಈಜಿಪ್ಟಿನ ಹೆಣದ ಹಾಗೆ ಕಾಣುವ ಬಿಸ್ಕತ್ತು) ಮಾಡ್ತೀರಾ? ಬಿಳಿ ಚಾಕೊಲೇಟ್ ಕರಗಿಸುವ ಬಟ್ಟಲು, ಚಮಚ ಎರಡೂ ಪೂರ್ತಿ ಒಣಗಿರಬೇಕು. ಒಂದೆರಡು ಹನಿ ನೀರು ಬಿದ್ದರೂ ಗಂಟುಗಂಟಾಗಿಬಿಡುತ್ತದೆ. ಹೋದ ವರ್ಷ ನಮ್ಮನೇಲಿ ಹಾಗೇ ಆಗಿ ಮಗಳು ಅಳುಮುಖ ಮಾಡಿದ್ದಳು. ಮೈಕ್ರೋವೇವ್‌ನಲ್ಲಿ 20 ಸೆಕೆಂಡಿಗೊಮ್ಮೆ ತೆಗೆದು ಕಲಕಿ. ಬಣ್ಣ ಹಾಕುವುದಾದರೆ ಎಣ್ಣೆಯಲ್ಲಿ ಬೆರೆಯುವಂಥದ್ದೇ ಇರಲಿ. ಆಮೇಲೆ ಜಿಪ್‌ಲಾಕ್ ಚೀಲಕ್ಕೆ ತುಂಬಿ, ಮೂಲೆಯನ್ನು ಚೂರೇ ಚೂರು ಕತ್ತರಿಸಿ, ಓರಿಯೋ ಮೇಲೆ ಅಡ್ಡಾದಿಡ್ಡಿ ಗೆರೆ ಎಳೆಯಿರಿ. ಥೇಟ್ ಬ್ಯಾಂಡೇಜ್ ಸುತ್ತಿದ ಹಾಗೇ ಕಾಣುತ್ತದೆ! ಗೆರೆ ಗಟ್ಟಿಯಾಗುವ ಮೊದಲೇ ಸಕ್ಕರೆಯ ಕಣ್ಣು ಅಂಟಿಸಿ.

ಹಬ್ಬದ ದಿನ ಮಿಠಾಯಿ ಕೇಳಿಕೊಂಡು ಬಾಗಿಲಿಗೆ ಬರುವ ಮಕ್ಕಳಿಗೆ ಮಾತ್ರ ಅಂಗಡಿಯ ಪ್ಯಾಕೆಟ್ ಮಿಠಾಯಿಯನ್ನೇ ಕೊಡಿ. ಕಡಲೆಕಾಯಿ ಅಲರ್ಜಿ ಇರುವ ಮಕ್ಕಳ ಅಪ್ಪ ಅಮ್ಮ ಲೇಬಲ್ ಓದಲೇಬೇಕು, ಅಲ್ವಾ?