ಎರಡು ಸಂಸಾರ, ಒಂದು ಅಡುಗೆಮನೆ: ನನ್ನ ಅನುಭವ

ಭಾವನವರು ಕೆಲಸದಿಂದ ನಿವೃತ್ತರಾದ ಮೇಲೆ, ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಬಾಡಿಗೆಗಿದ್ದ ಅವರ ಸಂಸಾರ ಧಾರವಾಡದ ಹೆಬ್ಬಳ್ಳಿ ಅಗಸಿಯ ಬಳಿ ನಾವಿದ್ದ ಹಿರಿಯರ ಮನೆಗೆ ಬಂದು ಸೇರುವುದೆಂದು ನಿಶ್ಚಯವಾಯಿತು. ಅತ್ತೆಯವರು ಆವರೆಗೆ ಅವರ ಜೊತೆಗೇ ಇದ್ದರು. ಅವರು, ಭಾವ, ನೆಗೆಣ್ಣಿ, ಅವರ ಇಬ್ಬರು ಮಕ್ಕಳು, ನಾವು ನಾಲ್ವರು ಸೇರಿ ಒಂಬತ್ತು ಜನ. ಮನೆಯನ್ನು ನಡೆಸುವ ಹೊಣೆ ಹೆಚ್ಚಾಗಿ ನನ್ನ ಮತ್ತು ನೆಗೆಣ್ಣಿಯ ಮೇಲೆ ಬಿದ್ದಿದ್ದರಿಂದ ನಾವಿಬ್ಬರೂ ಮಾಡಿಕೊಂಡ ವ್ಯವಸ್ಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಯೋಚನೆಯಲ್ಲಿರುವವರಿಗೆ ನಾನು ಹೇಳುವುದು ಇಷ್ಟೇ: ಯಾವುದು ಒಂದಾಗಬೇಕು, ಯಾವುದು ಎರಡಾಗಿಯೇ ಉಳಿಯಬೇಕು ಎಂಬುದನ್ನು ಸಾಮಾನು ಲಾರಿಗೆ ಏರುವ ಮೊದಲೇ ಒಂದೊಂದಾಗಿ ತೀರ್ಮಾನಿಸಿರಿ.

ನಾವು ಮೊದಲು ಎತ್ತಿಕೊಂಡದ್ದು ಮನೆಯ ಹಕ್ಕಿನ ವಿಷಯವನ್ನು. ಮನೆ ಮಾವನವರ ಸ್ವಂತ ದುಡಿಮೆಯದು, ಅವರು ಉಯಿಲು ಬರೆದಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದರಲ್ಲಿ ಅತ್ತೆಯವರಿಗೆ, ಇಬ್ಬರು ಗಂಡುಮಕ್ಕಳಿಗೆ ಮತ್ತು ಹಾವೇರಿಗೆ ಕೊಟ್ಟಿರುವ ನಮ್ಮ ನಾದಿನಿಗೆ ಸಮನಾದ ನಾಲ್ಕು ಪಾಲುಗಳಿವೆ. ಭಾವನವರು ತಮಗೆ ಬಂದ ನಿವೃತ್ತಿಯ ಹಣದಲ್ಲಿ ಮೇಲೆ ಎರಡು ಕೋಣೆ ಕಟ್ಟಿಸುವವರಿದ್ದರು. ಹಾಗೆ ಕಟ್ಟಿದ ಕೋಣೆ ಮುಂದೆ ಯಾರದು ಎಂಬ ಪ್ರಶ್ನೆ ಇಂದಲ್ಲ ನಾಳೆ ಏಳುತ್ತದೆ, ಅದೂ ಮನಸ್ಸು ಕಹಿಯಾದ ಹೊತ್ತಿನಲ್ಲಿಯೇ ಏಳುತ್ತದೆ. ಆದ್ದರಿಂದ ನಾದಿನಿಯನ್ನೂ ಅವರ ಯಜಮಾನರನ್ನೂ ಕರೆಸಿ, ಪಡಸಾಲೆಯಲ್ಲಿ ಎಲ್ಲರೂ ಕುಳಿತು, ಯಾರು ಎಷ್ಟು ಹಾಕುತ್ತಾರೆ, ಮುಂದೆ ಪಾಲು ಮಾಡುವ ಕಾಲ ಬಂದರೆ ಆ ಖರ್ಚನ್ನು ಹೇಗೆ ಹಿಡಿಯಬೇಕು, ನಾದಿನಿಯ ಪಾಲು ಇದರಿಂದ ಕಡಿಮೆಯಾಗುವುದಿಲ್ಲ ಎಂಬುದನ್ನೆಲ್ಲ ಬರೆದು ಸಹಿ ಮಾಡಿದೆವು. ಇದು ಖರ್ಚಿನ ಬಗೆಗಿನ ನಮ್ಮ ನಮ್ಮ ತಿಳುವಳಿಕೆಯ ಪತ್ರ ಮಾತ್ರ. ಸ್ಥಿರಾಸ್ತಿಯ ಹಕ್ಕನ್ನೇ ಒಬ್ಬರಿಂದ ಒಬ್ಬರಿಗೆ ಬದಲಿಸುವ ಪತ್ರವಾದರೆ ಅದು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು, ಅದಕ್ಕೆ ವಕೀಲರ ಸಲಹೆಯೂ ಬೇಕು. “ಅಣ್ಣ-ತಮ್ಮರ ನಡುವ ಕಾಗದ ಯಾಕಪ್ಪಾ?” ಎಂದು ಅತ್ತೆಯವರು ಮೊದಲು ನೊಂದುಕೊಂಡರು. ಮಗಳ ಹೆಸರೂ ಅದರಲ್ಲಿರುವುದನ್ನು ಓದಿ ಹೇಳಿದಾಗ ತಾವೇ ಮೊದಲು ಸಹಿ ಮಾಡಿದರು.

ನೀರಿನ ಲೆಕ್ಕವನ್ನು ಹೆಚ್ಚಿನವರು ಮರೆಯುತ್ತಾರೆ. ಅವಳಿ ನಗರಕ್ಕೆ ಸವದತ್ತಿಯ ಮಲಪ್ರಭಾ ಜಲಾಶಯದಿಂದ ನೀರು ಬರುತ್ತದೆಯಾದರೂ ನಮ್ಮ ಓಣಿಯಲ್ಲಿ ನಲ್ಲಿ ಬಿಡುವುದು ಸುಮಾರು ಐದು ದಿನಕ್ಕೊಮ್ಮೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕೆಂಬ ಅಳತೆಯನ್ನು ಹಿಡಿದರೆ ಒಂಬತ್ತು ಜನಕ್ಕೆ ದಿನಕ್ಕೆ 1,215 ಲೀಟರ್, ಐದು ದಿನಕ್ಕೆ ಆರು ಸಾವಿರ ಲೀಟರಿಗೂ ಮಿಕ್ಕಿ ಬೇಕಾಗುತ್ತದೆ. ನಾಲ್ವರಿಗೆ ಸಾಕಾಗುತ್ತಿದ್ದ ಹಳೆಯ ತೊಟ್ಟಿ ಇದರ ಅರ್ಧವನ್ನೂ ಹಿಡಿಯುತ್ತಿರಲಿಲ್ಲ. ಹಿತ್ತಿಲಲ್ಲಿ ಎಂಟು ಅಡಿ ಉದ್ದ, ಆರು ಅಡಿ ಅಗಲ, ನೀರು ನಿಲ್ಲುವ ಆಳ ಐದು ಅಡಿ ಇರುವ ಹೊಸ ತೊಟ್ಟಿ ಕಟ್ಟಿಸಿದೆವು. ಒಂದು ಘನ ಅಡಿಗೆ 28 ಲೀಟರಿನ ಮೇಲೆ ಸ್ವಲ್ಪ ಎಂದು ಲೆಕ್ಕ ಹಾಕಿದರೆ ಇದು 6,800 ಲೀಟರಿನ ಹತ್ತಿರ ಹಿಡಿಯುತ್ತದೆ. ಕೋಣೆಗಳಿಗಿಂತ ಮೊದಲು ತೊಟ್ಟಿಯ ಕೆಲಸ ಮುಗಿಸಿದೆವು, ಏಕೆಂದರೆ ಮಲಗುವ ಜಾಗ ಇಕ್ಕಟ್ಟಾದರೆ ಜನ ಹೊಂದಿಕೊಳ್ಳುತ್ತಾರೆ, ನೀರು ಸಾಲದಿದ್ದರೆ ಮಾತಿಗೆ ಮಾತು ಬೆಳೆಯುತ್ತದೆ.

ಗ್ಯಾಸ್ ಸಂಪರ್ಕ ನಿಯಮದಂತೆ ಒಂದು ಮನೆಗೆ ಒಂದೇ. ನಮ್ಮ ಸಂಪರ್ಕವನ್ನು ಉಳಿಸಿಕೊಂಡು ಅದರಡಿಯಲ್ಲೇ ಎರಡನೆಯ ಸಿಲಿಂಡರ್ ಪಡೆದೆವು. ಭಾವನವರು ತಮ್ಮ ಸಿಲಿಂಡರ್, ರೆಗ್ಯುಲೇಟರ್ ಮತ್ತು ಸಂಪರ್ಕದ ಮೂಲ ಚೀಟಿಯನ್ನು ಮರಳಿಸಿ ಠೇವಣಿ ಹಣ ಪಡೆದರು. ವಿದ್ಯುತ್ತಿನ ವಿಷಯದಲ್ಲಿ, ಗೃಹಜ್ಯೋತಿಯ ಉಚಿತ ಮಿತಿಯನ್ನು ಆಯಾ ಮೀಟರಿನ 2022-23ರ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇಕಡಾ 10 ಸೇರಿಸಿ ನಿಗದಿ ಮಾಡಿದ್ದಾರೆ, ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ನಮ್ಮ ಮೀಟರಿನ ಸರಾಸರಿ ನಾಲ್ಕು ಜನರ ಬಳಕೆಯದಾದ್ದರಿಂದ ಹೆಸ್ಕಾಂ ಬಿಲ್ಲು ಇನ್ನು ಮುಂದೆ ಬಂದೇ ಬರುತ್ತದೆಂದು ತಿಳಿದು ಅದನ್ನು ಮನೆಖರ್ಚಿಗೆ ಸೇರಿಸಿದೆವು.

ರೇಷನ್ ಕಾರ್ಡಿನ ಮಾತು ಇಷ್ಟು ಹಗುರವಾಗಿರಲಿಲ್ಲ. ಆಹಾರ ಭದ್ರತಾ ಕಾಯ್ದೆ, 2013ರ ಪ್ರಕಾರ ಕಾರ್ಡಿನಲ್ಲಿ ಮನೆಯ ಅತ್ಯಂತ ಹಿರಿಯ ಹೆಣ್ಣುಮಗಳೇ ಯಜಮಾನಿ. ನಮ್ಮ ಕಾರ್ಡಿನಲ್ಲಿ ನಾನು, ಭಾವನವರ ಕಾರ್ಡಿನಲ್ಲಿ ಅತ್ತೆಯವರು ಯಜಮಾನಿಯಾಗಿದ್ದು, ಇಬ್ಬರಿಗೂ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿತ್ತು. ಒಂದೇ ಒಲೆಯ ಅಡುಗೆ ಉಣ್ಣುವವರು ಎರಡು ಕಾರ್ಡು ಇಟ್ಟುಕೊಳ್ಳುವುದು ಸರಿಯಲ್ಲವೆಂದು ಹೆಸರುಗಳನ್ನು ಒಂದರಲ್ಲಿ ಸೇರಿಸಲು ಅರ್ಜಿ ಕೊಟ್ಟೆವು, ನನ್ನ ಹಣ ನಿಂತಿತು. ಆ ಹಣ ನನ್ನ ಕೈಖರ್ಚಿನ ಹಣವಾಗಿತ್ತು, ಅದಕ್ಕಾಗಿ ಯಾರನ್ನೂ ಕೇಳುವ ಪ್ರಸಂಗ ಬರುತ್ತಿರಲಿಲ್ಲ. ಇದನ್ನು ನಾನು ಮುಚ್ಚಿಡದೆ ಎಲ್ಲರೆದುರು ಹೇಳಿದೆ. ಮನೆಖರ್ಚಿನ ಹಣದಿಂದಲೇ ತಿಂಗಳಿಗೆ ಇಷ್ಟೆಂದು ನನಗೂ ನೆಗೆಣ್ಣಿಗೂ ಸಮನಾಗಿ, ಲೆಕ್ಕ ಕೇಳದ ಹಣವಾಗಿ ಕೊಡುವುದೆಂದು ಆಗ ಗೊತ್ತುಮಾಡಿದರು. ಒಟ್ಟಿಗಿರುವ ಮನೆಯಲ್ಲಿ ಹೆಂಗಸರ ಕೈಯಲ್ಲಿ ಅವರದೇ ಆದ ಹಣ ಇರಲೇಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಮನೆಖರ್ಚಿನಲ್ಲಿ ಕಾಳುಕಡಿ, ಹಾಲು, ಗ್ಯಾಸ್, ಕರೆಂಟು, ನೀರು, ಅತ್ತೆಯವರ ಔಷಧ ಇವಿಷ್ಟು ಬರುತ್ತವೆ. ಮಕ್ಕಳ ಫೀ, ಬಟ್ಟೆಬರೆ, ಸಾಲದ ಕಂತು, ತವರಿನ ಕಡೆಯ ಮದುವೆ ಮುಂಜಿವೆಗಳ ಉಡುಗೊರೆ ಅವರವರದು. ಭಾವನವರ ಮಗಳು ಹುಬ್ಬಳ್ಳಿಯ ಕಾಲೇಜಿಗೆ ಈಗ ಚಿಗರಿ ಬಸ್ಸಿನಲ್ಲಿ ಹೋಗಿಬರುತ್ತಾಳೆ, ಆ ಪಾಸಿನ ಖರ್ಚೂ ಅವರದೇ. ಖರ್ಚಿನ ವಹಿ ಅಡುಗೆಮನೆಯ ಗೂಡಿನಲ್ಲಿ ಎಲ್ಲರಿಗೂ ಸಿಗುವಂತೆ ಇರುತ್ತದೆ. ಖರ್ಚು ಮಾಡಿದವರೇ ಬರೆಯಬೇಕು.

ಅಡುಗೆಯನ್ನು ಒಂದು ಮಾಡುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯಿತು. ನೆಗೆಣ್ಣಿಯವರ ಮನೆಯಲ್ಲಿ ರಾತ್ರಿ ಅನ್ನ-ಸಾರು, ನಮ್ಮಲ್ಲಿ ಎರಡು ಹೊತ್ತೂ ರೊಟ್ಟಿ. ಅವರ ಪಲ್ಯಕ್ಕೆ ಬೆಲ್ಲ ಬೀಳಲೇಬೇಕು, ನಮ್ಮ ಮಕ್ಕಳಿಗೆ ಖಾರ ಬೇಕು. ಬೆಳಗಿನ ರೊಟ್ಟಿ ನನ್ನದು, ರಾತ್ರಿಯ ಅಡುಗೆ ಅವರದು, ಮಾಡುವವರ ಕೈರುಚಿಯನ್ನು ಇನ್ನೊಬ್ಬರು ತಿದ್ದಬಾರದು ಎಂದು ಹಂಚಿಕೊಂಡೆವು. ಗುರೆಳ್ಳು ಮತ್ತು ಶೇಂಗಾ ಚಟ್ನಿಪುಡಿಗಳನ್ನು ಮಾತ್ರ ಎರಡು ಡಬ್ಬಿಗಳಲ್ಲಿ ಎರಡು ರುಚಿಯಲ್ಲಿಯೇ ಇಟ್ಟಿದ್ದೇವೆ. ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಬಿಳಿಜೋಳವನ್ನು ಒಟ್ಟಿಗೇ ಕೊಂಡು, ಬಿಸಿಲಿಗೆ ಹಾಕಿ, ಬೇವಿನ ಎಲೆ ಬೆರೆಸಿ ತುಂಬುವ ಕೆಲಸಕ್ಕೆ ಮಾತ್ರ ಇಡೀ ಮನೆಯೇ ಕೂಡುತ್ತದೆ.

ಫ್ರಿಜ್, ಮಿಕ್ಸರ್, ವಾಷಿಂಗ್ ಮಷೀನುಗಳಲ್ಲಿ ಗಟ್ಟಿಯಿದ್ದದ್ದನ್ನು ಉಳಿಸಿ ಹಳೆಯದನ್ನು ಮಾರಿದೆವು. ದೇವರ ಜಗುಲಿಯ ವಿಷಯವನ್ನು ಅತ್ತೆಯವರಿಗೇ ಬಿಟ್ಟೆವು. ಅವರು ಎರಡೂ ಮನೆಯ ದೇವರನ್ನು ಒಂದೇ ಜಗುಲಿಗೆ ತಂದರು, ಪೂಜೆಯ ವಾರಗಳನ್ನು ನಮ್ಮಿಬ್ಬರಿಗೆ ಹಂಚಿದರು. ಮಹಡಿಯ ಕೋಣೆಗಳಿಗೆ ಭಾವನವರ ಸಂಸಾರವೇ ಬೀಗ ಹಾಕಿಕೊಳ್ಳುತ್ತದೆ, ನಮ್ಮ ಕೋಣೆಗೆ ನಾವು. ಕದ ತಟ್ಟದೆ ಮಕ್ಕಳೂ ಒಳಗೆ ಹೋಗುವುದಿಲ್ಲ. ನಾದಿನಿ ಹಬ್ಬಕ್ಕೆ ಬಂದಾಗ ಇಳಿಯಲು ಪಡಸಾಲೆಯ ಪಕ್ಕದ ಕೋಣೆಯನ್ನು ಯಾರಿಗೂ ಕೊಡದೆ ಖಾಲಿ ಇಟ್ಟಿದ್ದೇವೆ. ಒಂಬತ್ತು ಜನರಿರುವ ಮನೆಯಲ್ಲಿ ಅದು ಕಷ್ಟವೇ, ಆದರೂ ಆ ಕೋಣೆಯ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ.