ಎರೆ ಹೊಲದ ಮಣ್ಣಿಗೆ ಸರಿಯಾದ ಹೆಸರು: ಗುಂಡಿಯಿಂದ ಮಳೆ ಲೆಕ್ಕದವರೆಗೆ

ಸಿಂಧನೂರು, ಮಾನ್ವಿ, ಸಿರುಗುಪ್ಪ, ಕುಷ್ಟಗಿ ಕಡೆಯ ಎರೆ ಹೊಲಗಳನ್ನೆಲ್ಲ ‘ಆಳವಾದ ಕಪ್ಪು ಮಣ್ಣು’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವ ವರದಿಗಳು ಬಹಳ. ಆ ಸಾಲು ನೋಡಿ ಹಿಂಗಾರಿ ಜೋಳ ಎಷ್ಟು ದಿನ ತೇವ ಕಾಣುತ್ತದೆ, ಕಾಲುವೆ ನೀರು ಬಿಟ್ಟರೆ ಸವುಳು ಏಳುತ್ತದೋ ಇಲ್ಲವೋ ಎಂದು ಹೇಳಲು ಬರುವುದಿಲ್ಲ. ಮಣ್ಣಿನ ಹೆಸರಿನಲ್ಲಿ ಇವೆಲ್ಲ ಅಡಗಿರಬೇಕು. ಅದಕ್ಕೆ ಗುಂಡಿಯಲ್ಲಿ ಕಂಡದ್ದು, ಪ್ರಯೋಗಾಲಯದಲ್ಲಿ ಅಳೆದದ್ದು, ಹವಾಮಾನದ ಲೆಕ್ಕ ಮೂರೂ ಬೇಕು. ಎರೆ ಮಣ್ಣಿನಲ್ಲಿ ಈ ಮೂರೂ ಬಂದು ಕೂಡುವ ಜಾಗ ಬಿರುಕು. ಬಿರುಕು ವರ್ಷಕ್ಕೆ ಎಷ್ಟು ದಿನ ಬಾಯಿ ತೆರೆದಿರುತ್ತದೆ ಎಂಬುದು ಗೊತ್ತಿಲ್ಲದೆ ಕೊಟ್ಟ ಹೆಸರು ಅರ್ಧ ಊಹೆ.

ಇಲ್ಲಿ ಬಳಸಿರುವುದು ಅಮೆರಿಕದ ಮಣ್ಣು ವರ್ಗೀಕರಣ ಪದ್ಧತಿ. ನಮ್ಮ ದೇಶದ ಮಣ್ಣು ಸಮೀಕ್ಷೆಗಳೂ, ಕೊಪ್ಪಳ–ರಾಯಚೂರಿನಲ್ಲಿ ನಡೆದ ಸುಜಲಾ-3 ಜಲಾನಯನ ಯೋಜನೆಯ ಭೂಸಂಪನ್ಮೂಲ ಸಮೀಕ್ಷೆಯೂ ಅದನ್ನೇ ಅನುಸರಿಸುತ್ತವೆ.

ಗುಂಡಿಯ ಜಾಗ

1:50,000ರ ಟೋಪೋ ನಕ್ಷೆ, ಸರ್ವೆ ನಂಬರ್ ಇರುವ 1:7,920ರ ಗ್ರಾಮ ನಕ್ಷೆ, ಬೇಸಿಗೆಯ ಉಪಗ್ರಹ ಚಿತ್ರ ಇಷ್ಟನ್ನು ಮುಂದಿಟ್ಟುಕೊಳ್ಳಿ. ದಿಬ್ಬದಿಂದ ಹಳ್ಳದವರೆಗೆ ಒಂದು ಗೆರೆ ಎಳೆದು, ಇಳಿಜಾರು ಬದಲಾಗುವ ಕಡೆಯೆಲ್ಲ ಒಂದೊಂದು ಗುಂಡಿ ಇರುವಂತೆ ನೋಡಿಕೊಳ್ಳಿ. ಈ ಭಾಗದಲ್ಲಿ ಮೇಲೆ ಮಸಾರಿ (ಕೆಂಪು ಮಣ್ಣು), ಕೆಳಗೆ ಎರೆ, ನಡುವೆ ಎರಡೂ ಬೆರೆತ ಪಟ್ಟಿ ಇರುವುದು ಸಾಮಾನ್ಯ.

ಕಪ್ಪು ಕಂಡ ಕೂಡಲೇ ಮೂಲಶಿಲೆ ‘ದಖನ್ ಬಸಾಲ್ಟ್’ ಎಂದು ಬರೆಯಬೇಡಿ. ವಿಜಯಪುರ, ಕಲಬುರಗಿಯ ಎರೆಗೆ ಅದು ಒಪ್ಪುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಹೆಚ್ಚಿನ ಕಡೆ ಕೆಳಗಿರುವುದು ನೈಸ್ ಮತ್ತು ಗ್ರಾನೈಟ್. ಸಂಡೂರು, ಹಟ್ಟಿ, ಮಸ್ಕಿ ಸುತ್ತ ಶಿಸ್ಟ್ ಪಟ್ಟಿಗಳಿವೆ. ಕಲ್ಲು ಕರಗಿ ಬಂದ ಸುಣ್ಣ, ಮೆಗ್ನೀಷಿಯಂ ತಗ್ಗಿನಲ್ಲಿ ನಿಂತು, ನೀರು ಬಸಿಯದ ಕಡೆ ನೆನೆದರೆ ಹಿಗ್ಗಿ ಒಣಗಿದರೆ ಕುಗ್ಗುವ ಸ್ಮೆಕ್ಟೈಟ್ ಜೇಡಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಗುಂಡಿಯ ತಳದ ಕಲ್ಲನ್ನು ಒಡೆದು ನೋಡಿಯೇ ಮೂಲಶಿಲೆಯ ಹೆಸರು ಬರೆಯಿರಿ.

ಬದು, ಮರ, ಕಾಲುವೆ, ಹಳೆಯ ತಿಪ್ಪೆಯ ಜಾಗದಿಂದ ದೂರವಿರಿ. ಹೊಲದವರನ್ನು ಎರಡು ಪ್ರಶ್ನೆ ತಪ್ಪದೆ ಕೇಳಬೇಕು: ಕೆರೆ ಹೂಳು ಹೊಡೆದಿದ್ದೀರಾ? ಗದ್ದೆ ಮಾಡಲು ಮಟ್ಟ ಮಾಡಿಸಿದ್ದೀರಾ? ಮಸಾರಿ ಹೊಲಕ್ಕೆ ಹೂಳು ಹರಡಿದ್ದರೆ ಮೇಲಿನ ಪದರ ಕಪ್ಪಾಗಿ ಮೋಸ ಮಾಡುತ್ತದೆ. ತುಂಗಭದ್ರಾ ಎಡದಂಡೆಯ ಗದ್ದೆಗಳಲ್ಲಿ ಒಂದು ಮೂಲೆ ಕಡಿದು ಇನ್ನೊಂದು ಮೂಲೆಗೆ ತುಂಬಿರುವುದರಿಂದ ಹತ್ತು ಮಾರು ಅಂತರದಲ್ಲೇ ಪದರದ ಕ್ರಮ ಬೇರೆಯಾಗುತ್ತದೆ.

ಅಗೆಯುವುದು

ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮೇಲೆ ಬಿರುಕು ಬಿಟ್ಟಿರುತ್ತದೆ, ಕೆಳಗೆ ಇನ್ನೂ ತೇವ ಇರುತ್ತದೆ. ಎರಡನ್ನೂ ಒಂದೇ ಗುಂಡಿಯಲ್ಲಿ ನೋಡಬಹುದು. ಮೇ ತಿಂಗಳಲ್ಲಿ ಹಾರೆಯೂ ಇಳಿಯದು, ಸೆಪ್ಟೆಂಬರ್‌ನಲ್ಲಿ ಬಿರುಕೇ ಕಾಣದು.

ಉದ್ದ 2 ಮೀಟರ್, ಅಗಲ 1 ಮೀಟರ್, ಆಳ ಕನಿಷ್ಠ 1.5 ಮೀಟರ್, ಮೊದಲೇ ಗಟ್ಟಿ ಕಲ್ಲು ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ನೋಡುವ ಗೋಡೆಗೆ ಬಿಸಿಲು ಬೀಳಬೇಕು. ಆ ಬದಿಯ ಮೇಲೆ ಮಣ್ಣು ಸುರಿಯಬಾರದು, ಯಾರೂ ತುಳಿಯಬಾರದು. ಎದುರು ಬದಿಗೆ ಮೆಟ್ಟಿಲು ಕಡಿಸಿ. ಎರೆ ಮಣ್ಣಿನ ಗೋಡೆ ಓರೆ ಜಾರುಮೈಗಳ (ಮಣ್ಣು ಹಿಗ್ಗುವಾಗ ಒಂದರ ಮೇಲೊಂದು ಜಾರಿ ನುಣುಪಾದ ಮೈಗಳ) ಉದ್ದಕ್ಕೂ ಒಮ್ಮೆಲೇ ಕಳಚಿ ಬೀಳುತ್ತದೆ. ಒಬ್ಬರೇ ಇಳಿಯಬೇಡಿ, ನೀರುಣಿಸಿದ ಹೊಲದಲ್ಲಂತೂ ಗೋಡೆ ಒಸರತೊಡಗಿದರೆ ತಕ್ಷಣ ಹೊರಗೆ ಬನ್ನಿ. ಕೆಲಸ ಮುಗಿದ ದಿನವೇ ಗುಂಡಿ ಮುಚ್ಚಿಸಿ, ದನ ಕುರಿ ಬಿದ್ದಾವು.

ಜೆಸಿಬಿಯಿಂದ ತೋಡಿಸಿದ್ದರೆ ಗೋಡೆಯನ್ನು 10–15 ಸೆಂ.ಮೀ. ಒಳಕ್ಕೆ ಚಾಕುವಿನಿಂದ ಕೆತ್ತಿ ಹೊಸ ಮೈ ತೆಗೆಯಲೇಬೇಕು. ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಹಸಿ ಜೇಡಿಯ ಮೇಲೆ ಬಕೆಟ್ ಅಥವಾ ಸಲಿಕೆ ಎಳೆದರೆ ಮೈ ಮಿರಿಮಿರಿ ಹೊಳೆಯುತ್ತದೆ, ಅದನ್ನೇ ಜಾರುಮೈ ಎಂದು ಬರೆದುಬಿಡುತ್ತಾರೆ. ನಿಜವಾದ ಜಾರುಮೈ ತಾನಾಗಿ ಕಳಚುತ್ತದೆ. ಚಾಕುವಿನ ತುದಿಯನ್ನು ಮಣ್ಣಿನ ಸಹಜ ಸಂದಿಗೆ ಹಾಕಿ ಮೆಲ್ಲಗೆ ಮೀಟಿದರೆ ಬೆಣೆಯಾಕಾರದ ಹೆಂಟೆ ಹೊರಬರುತ್ತದೆ. ಅದರ ಮೈ ನುಣುಪು, ಹೊಳಪು, ಅದರ ಮೇಲೆ ಒಂದೇ ದಿಕ್ಕಿಗೆ ಉಜ್ಜಿದಂಥ ಸಣ್ಣ ಗೀರುಗಳು. ಒಂದರ ಮೇಲೊಂದು ಜಾರಿದ ಎರಡು ಮೈಗಳು ಎದುರುಬದುರಾಗಿ ಸಿಗುತ್ತವೆ. ಬೆಣೆಯ ಉದ್ದ ಅಕ್ಷ ಸಮತಲಕ್ಕೆ 10ರಿಂದ 60 ಡಿಗ್ರಿ ಓರೆಯಾಗಿರಬೇಕು. ಅಳತೆಗೆ ಮೊಬೈಲಿನ ಕೋನಮಾಪಕವೇ ಸಾಕು.

ಪದರಗಳ ವಿವರಣೆ

ಬಣ್ಣ, ಗಟ್ಟಿತನ, ಹೆಂಟೆಯ ಆಕಾರ ಬದಲಾಗುವ ಕಡೆ ಚಾಕುವಿನಿಂದ ಗೆರೆ ಹಾಕಿ, ಪ್ರತಿ ಪದರಕ್ಕೆ ಇಷ್ಟನ್ನು ಬರೆಯಿರಿ: ಆಳ, ಗಡಿ ಸ್ಪಷ್ಟವೋ ಕ್ರಮೇಣವೋ, ಒಣ ಮತ್ತು ತೇವದ ಬಣ್ಣ, ಕಣರಚನೆ, ಹೆಂಟೆ, ಬಿರುಕಿನ ಅಗಲ, ಜಾರುಮೈ, ಸುಣ್ಣದ ಹರಳು, ಬೇರು, ಗರಸು.

ಬಣ್ಣವನ್ನು ಮುನ್ಸೆಲ್ ಬಣ್ಣದ ಚೌಕಗಳ ಪುಸ್ತಕದಿಂದ, ನೆರಳಿಲ್ಲದ ಹಗಲು ಬೆಳಕಿನಲ್ಲಿ ಓದಬೇಕು. ಇಲ್ಲಿನ ಎರೆ ಸಾಮಾನ್ಯವಾಗಿ ತೇವದಲ್ಲಿ 10 ವೈಆರ್ 3/1 ಅಥವಾ 3/2ರ ಆಸುಪಾಸು; ಗೆರೆಯ ಮೊದಲಿನ ಅಂಕಿ ವ್ಯಾಲ್ಯೂ (ಬಣ್ಣ ಎಷ್ಟು ತಿಳಿ), ನಂತರದ್ದು ಕ್ರೋಮಾ (ಬಣ್ಣದ ತೀವ್ರತೆ). ಮೇಲಿನ 30 ಸೆಂ.ಮೀ.ನ ಹೆಚ್ಚಿನ ಭಾಗದಲ್ಲಿ ತೇವದ ವ್ಯಾಲ್ಯೂ 4 ಅಥವಾ ಮೇಲೆ, ಇಲ್ಲವೇ ಕ್ರೋಮಾ 3 ಅಥವಾ ಮೇಲೆ ಬಂದರೆ ಉಪಗುಂಪು ‘ಕ್ರೋಮಿಕ್’ ಕಡೆ ವಾಲುತ್ತದೆ. ಒಂದೇ ಚೌಕದ ವ್ಯತ್ಯಾಸ ಹೆಸರನ್ನು ಬದಲಿಸುವುದರಿಂದ ಇಬ್ಬರು ಬೇರೆಬೇರೆಯಾಗಿ ಓದಿ ತಾಳೆ ನೋಡುವುದು ಲೇಸು.

ಕಣರಚನೆಗೆ ಒಂದು ಮುಷ್ಟಿ ಮಣ್ಣನ್ನು ನೀರು ಹಾಕಿ ನಾದಿ, ಹೆಬ್ಬೆರಳು–ತೋರುಬೆರಳ ನಡುವೆ ಪಟ್ಟಿಯಂತೆ ಒತ್ತಿ. ಮುರಿಯದೆ 5 ಸೆಂ.ಮೀ. ದಾಟಿದರೆ ಜೇಡಿ ಮಣ್ಣು. ಒಣ ಹೆಂಟೆ ನೆನೆಯಲು ಹೊತ್ತು ಬೇಕು. ಐದು ನಿಮಿಷವಾದರೂ ನಾದದೆ ಹೇಳಿದ ಉತ್ತರ ಯಾವಾಗಲೂ ಮರಳಿನ ಕಡೆಗೆ ತಪ್ಪುತ್ತದೆ.

ಶೇ 10ರ ತಣ್ಣನೆಯ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಹಾಕಿ ನೊರೆಯ ಜೋರನ್ನು ದಾಖಲಿಸಿ. ಹರಳಿನ ಮೇಲೆ ಹಾಕಬೇಡಿ, ಹರಳಿಲ್ಲದ ಮಣ್ಣಿನ ಮೇಲೆ ಹಾಕಿ. ಹನಿ ಬಿದ್ದ ಮಣ್ಣು ಮಾದರಿ ಚೀಲ ಸೇರಬಾರದು.

ಮಾದರಿಯನ್ನು ಕೆಳಗಿನ ಪದರದಿಂದ ಮೇಲಕ್ಕೆ ತೆಗೆಯುತ್ತ ಬನ್ನಿ, ಪದರಕ್ಕೆ ಒಂದು ಕಿಲೋ. ಜೊತೆಗೆ ಸಾಂದ್ರತೆಗೆ ಒಡೆಯದ ಮೂರು ಹೆಂಟೆ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಎರಡು ಚೀಲಗಳ ನಡುವೆ ಇಡಿ. ಮಣ್ಣಿನ ತೇವಕ್ಕೆ ಶಾಯಿ ಅಳಿಸಿಹೋಗುತ್ತದೆ.

ಪ್ರಯೋಗಾಲಯದಲ್ಲಿ ಕೆಡುವುದು

ಮಣ್ಣು ಕುಟ್ಟುವ ಮೊದಲೇ ಸುಣ್ಣದ ಹರಳನ್ನು ಬೇರ್ಪಡಿಸಿ ತೂಗಬೇಕು. ಹರಳನ್ನೂ ಸೇರಿಸಿ ಪುಡಿ ಮಾಡಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಸುಳ್ಳೇ ಏರಿ, ಸಾಮಾನ್ಯ ಎರೆ ಮಣ್ಣು ‘ಕ್ಯಾಲ್ಸಿಯಸ್ಟರ್ಟ್’ (ಸುಣ್ಣದ ಪದರವಿರುವ ಎರೆ) ಆಗಿ ಕೂತುಬಿಡುತ್ತದೆ. ಜೇಡಿಯ ಪ್ರಮಾಣ ಅಳೆಯುವಾಗ ಇದಕ್ಕೆ ವಿರುದ್ಧವಾದ ಅಪಾಯ: ಸುಣ್ಣ ತೆಗೆಯದೆ, ಹೆಕ್ಸಾಮೆಟಾಫಾಸ್ಫೇಟ್‌ನಲ್ಲಿ ಚೆನ್ನಾಗಿ ಬಿಡಿಸದೆ ಪಿಪೆಟ್ ಇಳಿಸಿದರೆ ಜೇಡಿ ಕಡಿಮೆ ತೋರುತ್ತದೆ.

ರಸಸಾರ (ಪಿಎಚ್) 8.5 ದಾಟಿದರೆ ವಿನಿಮಯ ಸೋಡಿಯಂ, ಅಂದರೆ ಜೇಡಿಯ ಮೈಗೆ ಅಂಟಿದ ಸೋಡಿಯಂ, ಅಳೆಯದೆ ಬಿಡಬೇಡಿ. ಸುಣ್ಣದ ಮಣ್ಣಿನಲ್ಲಿ ಅಮೋನಿಯಂ ಅಸಿಟೇಟ್ ಸುಣ್ಣವನ್ನೂ ಕರಗಿಸಿ ಕ್ಯಾಲ್ಸಿಯಂ ಹೆಚ್ಚು ತೋರಿಸುತ್ತದೆ. ಕ್ಷಾರಗಳನ್ನೆಲ್ಲ ಕೂಡಿಸಿ ವಿನಿಮಯ ಸಾಮರ್ಥ್ಯ (ಜೇಡಿ ಒಟ್ಟು ಎಷ್ಟು ಕ್ಷಾರ ಹಿಡಿಯಬಲ್ಲದು ಎಂಬುದು) ಲೆಕ್ಕ ಹಾಕಿದರೆ ಛೇದ ದೊಡ್ಡದಾಗಿ ಸೋಡಿಯಂ ಶೇಕಡಾ ಇಳಿದುಬಿಡುತ್ತದೆ. ಸವುಳು ಏಳುವ ಹೊಲ ಕಾಗದದಲ್ಲಿ ಆರೋಗ್ಯವಾಗಿ ಕಾಣುತ್ತದೆ. 8.2 ರಸಸಾರದ ಸೋಡಿಯಂ ಅಸಿಟೇಟ್‌ನಿಂದ ಸಾಮರ್ಥ್ಯವನ್ನು ಬೇರೆಯಾಗಿ ಅಳೆಯಿರಿ. 1:2.5 ದ್ರಾವಣದ ವಿದ್ಯುತ್‌ವಾಹಕತೆಯನ್ನು ನೇರವಾಗಿ ಉಪ್ಪಿನಂಶದ ಮಿತಿಯಾದ ಮೀಟರಿಗೆ 4 ಡೆಸಿಸೀಮನ್ಸ್‌ಗೆ ಹೋಲಿಸಬೇಡಿ, ಆ ಮಿತಿ ಸಂತೃಪ್ತ ಕೆಸರಿನ ಸಾರಕ್ಕೆ ಸೇರಿದ್ದು.

ಸಾಂದ್ರತೆಯ ತಪ್ಪು ನೀರಿನ ಲೆಕ್ಕವನ್ನೇ ಕೆಡಿಸುತ್ತದೆ. ಎರೆ ಹೆಂಟೆ ಒಣಗಿದಾಗ ಕುಗ್ಗುವುದರಿಂದ ಒಣ ಹೆಂಟೆಯ ಅಂಕಿ ಘನ ಸೆಂ.ಮೀ.ಗೆ 1.8 ಗ್ರಾಂ ಬಂದರೆ, 33 ಕಿಲೋಪಾಸ್ಕಲ್ ತೇವದಲ್ಲಿ ಅದೇ ಮಣ್ಣು 1.3 ಇರಬಹುದು. 33 ಕಿಲೋಪಾಸ್ಕಲ್ (ನೀರು ಬಸಿದ ಮೇಲೆ ಮಣ್ಣಲ್ಲಿ ಉಳಿಯುವ ತೇವ) ಮತ್ತು 1500 ಕಿಲೋಪಾಸ್ಕಲ್ (ಬೆಳೆ ಬಾಡುವ ತೇವ) ನಡುವಿನ ಅಂತರ ಶೇ 14 ಎಂದಿಟ್ಟುಕೊಳ್ಳಿ. ಒಂದು ಮೀಟರ್ ಆಳಕ್ಕೆ 0.14 × 1.3 × 1000, ಅಂದರೆ 182 ಮಿ.ಮೀ. ನೀರು. 1.8 ಹಾಕಿದರೆ 252. ಇಲ್ಲದ 70 ಮಿ.ಮೀ. ನೀರನ್ನು ಹೊಲಕ್ಕೆ ಸೇರಿಸಿದಂತಾಯಿತು.

ಹವಾಮಾನದ ಲೆಕ್ಕ

ಮೊದಲು ಉಷ್ಣತೆ, ಅದು ಸುಲಭ. ಗಾಳಿಯ ವಾರ್ಷಿಕ ಸರಾಸರಿಗೆ 1ರಿಂದ 2.5 ಡಿಗ್ರಿ ಕೂಡಿಸಿದರೆ 50 ಸೆಂ.ಮೀ. ಆಳದ ಮಣ್ಣಿನ ಸರಾಸರಿ ಸಿಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗಳಲ್ಲಿ ಅದು 22 ಡಿಗ್ರಿಗಿಂತ ಎಷ್ಟೋ ಮೇಲೆ. ಜೂನ್–ಆಗಸ್ಟ್ ಮತ್ತು ಡಿಸೆಂಬರ್–ಫೆಬ್ರುವರಿ ಸರಾಸರಿಗಳ ಅಂತರ 6 ಡಿಗ್ರಿಗಿಂತ ಕಡಿಮೆ, ಹಾಗಾಗಿ ಉಷ್ಣತೆಯ ವರ್ಗ ‘ಐಸೋಹೈಪರ್ಥರ್ಮಿಕ್’. ಹಳೆಯ ವರದಿಗಳು 5 ಡಿಗ್ರಿ ಮಿತಿ ಬಳಸಿವೆ, ಹೋಲಿಸುವಾಗ ನೆನಪಿರಲಿ. ಏಪ್ರಿಲ್–ಮೇ ಅಂಕಿಗಳನ್ನು ಬೇಸಿಗೆ ಎಂದು ತೆಗೆದುಕೊಂಡರೆ ಅಂತರ ತಪ್ಪಾಗಿ ಹಿಗ್ಗುತ್ತದೆ.

ಮಳೆಗೆ ಹವಾಮಾನ ಇಲಾಖೆಯ ಕನಿಷ್ಠ 30 ವರ್ಷದ ಮಾಸಿಕ ಅಂಕಿ ಬೇಕು. ಪಂಚಾಯ್ತಿ ಮಟ್ಟದ ಮಳೆಮಾಪಕಗಳ ದಾಖಲೆ ಹತ್ತಿರದ್ದಾದರೂ ಅವಧಿ ಚಿಕ್ಕದು. ಗುಂಡಿ ತೋಡಿದ ವರ್ಷ ಹೇಗಿತ್ತು ಎಂದು ತಿಳಿಯಲು ಅದನ್ನು ಬಳಸಿ. ವರ್ಗೀಕರಣಕ್ಕೆ ಬೇಕಾದದ್ದು ‘ಸಾಮಾನ್ಯ ವರ್ಷ’: ವಾರ್ಷಿಕ ಮಳೆ ದೀರ್ಘ ಸರಾಸರಿಯಿಂದ ಒಂದು ಪ್ರಮಾಣ ವಿಚಲನೆಯೊಳಗೆ ಇರಬೇಕು, 12ರಲ್ಲಿ 8 ತಿಂಗಳ ಮಳೆಯೂ ಹಾಗೇ ಇರಬೇಕು. ಅಕ್ಟೋಬರ್‌ನಲ್ಲಿ ಚಂಡಮಾರುತ ಬಂದು ಎರಡೇ ದಿನದಲ್ಲಿ ಸುರಿದು ವರ್ಷದ ಮೊತ್ತವೇ ಈ ಮಿತಿ ದಾಟಿದ್ದರೆ ಆ ವರ್ಷವನ್ನು ಹೀಗೆ ಹೊರಗಿಡಲಾಗುತ್ತದೆ.

ನಂತರ ಹತ್ತು ದಿನಕ್ಕೊಮ್ಮೆ ನೀರಿನ ಲೆಕ್ಕ: ಬಂದ ಮಳೆ, ಹೋದ ಆವಿ, ಮಣ್ಣಲ್ಲಿ ಉಳಿದದ್ದು. ಮಳೆಯು ಆವಿಯ ಬೇಡಿಕೆಯ ಅರ್ಧ ದಾಟಿದ ದಿನದಿಂದ ಬೆಳೆ ಅವಧಿ ಆರಂಭ. ಮಳೆ ಹಿಂದೆ ಸರಿದ ಮೇಲೆ ಮಣ್ಣಿನ ದಾಸ್ತಾನು ಮುಗಿಯುವವರೆಗೆ ಅದು ಮುಂದುವರಿಯುತ್ತದೆ. ದಿನಕ್ಕೆ 4.5 ಮಿ.ಮೀ. ಖರ್ಚಾದರೆ ಮೇಲಿನ 182 ಮಿ.ಮೀ. 40 ದಿನ ನಡೆಸುತ್ತದೆ. ಪಕ್ಕದ ದಿಬ್ಬದ ಮಸಾರಿಯಲ್ಲಿ ಆಳ 50 ಸೆಂ.ಮೀ., ಗರಸು ಶೇ 30, ತೇವದ ಅಂತರ ಶೇ 9, ಸಾಂದ್ರತೆ 1.5 ಇದ್ದರೆ ಸಿಗುವುದು 47 ಮಿ.ಮೀ., ಹತ್ತು ದಿನದ ಮಾತು. ಮಳೆ ಒಂದೇ, ಮಣ್ಣು ಬೇರೆ. ಬಳ್ಳಾರಿ ಮತ್ತು ರಾಯಚೂರಿನ ಭಾಗಗಳನ್ನು ರಾಷ್ಟ್ರೀಯ ಕೃಷಿ-ಪರಿಸರ ನಕ್ಷೆ 90 ದಿನಕ್ಕಿಂತ ಕಡಿಮೆ ಬೆಳೆ ಅವಧಿಯ ಶುಷ್ಕ ವಲಯಕ್ಕೆ ಸೇರಿಸಿದೆ. ಹಾಗೆಂದು ಆ ವಲಯದ ಪ್ರತಿ ಹೊಲಕ್ಕೂ ‘ಅರಿಡಿಕ್’ (ಶುಷ್ಕ) ಎಂದು ಬರೆಯುವುದು ತಪ್ಪು; ಎರೆಯಲ್ಲಿ ಅದನ್ನು ಹೇಳುವುದು ಬಿರುಕಿನ ದಿನ.

ಬಿರುಕಿನ ದಿನ

ಬಿರುಕಿನ ಲೆಕ್ಕವೆಲ್ಲ ನೀರಾವರಿ ಇಲ್ಲದ ಸ್ಥಿತಿಗೆ. ಎರಡು ಬೆಳೆ ಭತ್ತ ಕಾಣುವ ಗಂಗಾವತಿ, ಕಾರಟಗಿಯ ಗದ್ದೆಯಲ್ಲಿ ಬಿರುಕು ಬಿಡುವುದೇ ಅಪರೂಪ. ಅಲ್ಲಿ ಕಂಡದ್ದನ್ನೇ ಬರೆದರೆ ವರ್ಗ ತಪ್ಪುತ್ತದೆ. ಅದೇ ಮಣ್ಣಿನ ಬೀಳು ಜಾಗವನ್ನೋ ಕಾಲುವೆ ಮುಟ್ಟದ ಒಣಭೂಮಿಯನ್ನೋ ಹುಡುಕಿ ಅಳೆಯಿರಿ.

5 ಮಿ.ಮೀ. ದಪ್ಪದ ಸರಳನ್ನು ತೆಗೆದುಕೊಳ್ಳಿ. ಮೇಲಿನ 50 ಸೆಂ.ಮೀ.ನೊಳಗೆ ಕನಿಷ್ಠ 25 ಸೆಂ.ಮೀ. ದಪ್ಪಕ್ಕೆ ಅದು ಒತ್ತಡವಿಲ್ಲದೆ ಇಳಿದರೆ ಬಿರುಕು ತೆರೆದಿದೆ. ಗುರುತು ಮಾಡಿದ ಹತ್ತು ಬಿರುಕುಗಳನ್ನು ಹತ್ತು ದಿನಕ್ಕೊಮ್ಮೆ ನೋಡಿ. ಕುಂಟೆ ಹೊಡೆದ ಹೊಲದಲ್ಲಿ ಮೇಲ್ಭಾಗ ಪುಡಿಮಣ್ಣಿನಿಂದ ಮುಚ್ಚಿರುತ್ತದೆ. ಪುಡಿ ಸರಿಸಿ ನೋಡಿದರೆ ಕೆಳಗೆ ಬಿರುಕು ಹಾಗೇ ಇರುತ್ತದೆ. ಅದನ್ನು ತೆರೆದ ಬಿರುಕು ಎಂದೇ ಎಣಿಸಬೇಕು.

ಒಂದು ವರ್ಷದ ಎಣಿಕೆ ಸಾಲದು, ಆದರೆ ಅದು ಅಳತೆಗೋಲಾಗುತ್ತದೆ. ನೀರಿನ ಲೆಕ್ಕದಲ್ಲಿ ದಾಸ್ತಾನು ಎಷ್ಟಕ್ಕೆ ಇಳಿದ ದಿನ ಬಿರುಕು 5 ಮಿ.ಮೀ. ಮುಟ್ಟಿತು, ಎಷ್ಟಕ್ಕೆ ಏರಿದಾಗ ಮುಚ್ಚಿತು ಎಂದು ಗುರುತಿಸಿ, ಅದೇ ಮಟ್ಟಗಳನ್ನು 30 ವರ್ಷದ ಮಳೆಯ ಮೇಲೆ ಓಡಿಸಿ. ಸಾಮಾನ್ಯ ವರ್ಷಗಳ ಬಿರುಕಿನ ದಿನ ಸಿಗುತ್ತದೆ.

ಹೆಸರು ಕಟ್ಟುವುದು

ವರ್ಗೀಕರಣದ ಕೀಲಿಯನ್ನು (ಹೆಸರು ಹುಡುಕುವ ಕ್ರಮಪಟ್ಟಿಯನ್ನು) ಮೇಲಿನಿಂದ ಓದುತ್ತ ಬಂದು ಮೊದಲು ಹೊಂದಿದ ಕಡೆ ನಿಲ್ಲಬೇಕು. ಒಂದು ಕಲ್ಪಿತ ಗುಂಡಿ ನೋಡೋಣ: ಆಳ 155 ಸೆಂ.ಮೀ.; ಜೇಡಿ ಎಲ್ಲ ಪದರಗಳಲ್ಲಿ ಶೇ 52–58; ಜಾರುಮೈ 45ರಿಂದ 130 ಸೆಂ.ಮೀ.; ಬಣ್ಣ 10 ವೈಆರ್ 3/1; ಸುಣ್ಣ ಶೇ 8–12; ವಿನಿಮಯ ಸೋಡಿಯಂ ಶೇ 6–9; ಬಿರುಕು ಜನವರಿ ಆರಂಭದಿಂದ ಜೂನ್ ಕೊನೆಗೆ ಸುಮಾರು 175 ದಿನ, ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟಾಗ 20 ದಿನ, ಒಟ್ಟು 195.

ಜೇಡಿ 50 ಸೆಂ.ಮೀ. ತನಕ ಶೇ 30 ದಾಟಿದೆ, ಒಂದು ಮೀಟರ್ ಒಳಗೆ ಜಾರುಮೈ ಪದರ 25 ಸೆಂ.ಮೀ.ಗಿಂತ ದಪ್ಪ, ಬಿರುಕು ತೆರೆದು ಮುಚ್ಚುತ್ತದೆ: ಗಣ ವರ್ಟಿಸಾಲ್ (ಬಿರುಕು ಬಿಡುವ ಜೇಡಿ ಮಣ್ಣು). ಬಿರುಕು 90 ದಿನ ದಾಟಿದೆ, ಮಳೆಗಾಲದಲ್ಲಿ ಸತತ 60 ದಿನಕ್ಕಿಂತ ಹೆಚ್ಚು ಮುಚ್ಚಿಯೂ ಇರುತ್ತದೆ: ಉಪಗಣ ಅಸ್ಟರ್ಟ್. ಸುಣ್ಣ ಶೇ 15 ಮುಟ್ಟಿಲ್ಲ: ಮಹಾಗುಂಪು ಹ್ಯಾಪ್ಲಸ್ಟರ್ಟ್. ಸೋಡಿಯಂ 15ರ ಕೆಳಗೆ, ಒಂದು ಮೀಟರ್ ಒಳಗೆ ಕಲ್ಲಿಲ್ಲ, ಬಣ್ಣ ಕಪ್ಪು, ಬಿರುಕಿನ ದಿನ 210ರ ಕೆಳಗೆ, 150ರ ಮೇಲೆ: ಉಪಗುಂಪು ಟೈಪಿಕ್. ಜೇಡಿ ಶೇ 60ರೊಳಗೆ ಇರುವುದರಿಂದ ಕುಟುಂಬದ ಕಣವರ್ಗ ‘ಫೈನ್’. ಪೂರ್ತಿ ಹೆಸರು: ಫೈನ್, ಸ್ಮೆಕ್ಟಿಟಿಕ್, ಐಸೋಹೈಪರ್ಥರ್ಮಿಕ್ ಟೈಪಿಕ್ ಹ್ಯಾಪ್ಲಸ್ಟರ್ಟ್ಸ್. ಹಳೆಯ ವರದಿಗಳ ‘ಮಾಂಟ್‌ಮೊರಿಲೊನಿಟಿಕ್’ ಇದೇ ವರ್ಗ.

ಬಿರುಕು ಇನ್ನು 15 ದಿನ ಹೆಚ್ಚು ತೆರೆದಿದ್ದರೆ ಇದೇ ಗುಂಡಿ ‘ಅರಿಡಿಕ್ ಹ್ಯಾಪ್ಲಸ್ಟರ್ಟ್ಸ್’. ಒಂದು ಮೀಟರ್ ಒಳಗೆ 25 ಸೆಂ.ಮೀ. ದಪ್ಪದ ಪದರದಲ್ಲಿ ಸೋಡಿಯಂ ಶೇ 15 ಮುಟ್ಟಿದ್ದರೆ ‘ಸೋಡಿಕ್’, ಆಗ ಬಿರುಕಿನ ದಿನ ಕೇಳುವ ಮೊದಲೇ ಕೀಲಿ ಅಲ್ಲಿ ನಿಂತುಬಿಡುತ್ತದೆ. ಕಪ್ಪಗಿದ್ದು, ಬಿರುಕು ಬಿಟ್ಟು, ಆದರೆ ಜಾರುಮೈ ಕಾಣದ ತೆಳು ಎರೆಯನ್ನು ವರ್ಟಿಸಾಲ್‌ಗೆ ಎಳೆದು ತರಬೇಡಿ. ಅದು ಬಹುಪಾಲು ‘ವರ್ಟಿಕ್ ಹ್ಯಾಪ್ಲಸ್ಟೆಪ್ಟ್ಸ್’.

ನಕ್ಷೆಗೆ ಹಾಕುವಾಗ ಈ ಹೆಸರಿನ ಜೊತೆ ಆಳದ ವರ್ಗ, ಇಳಿಜಾರು, ಸವೆತ, ಗರಸು ಸೇರಿಸಿ. ಟಿಪ್ಪಣಿಯಲ್ಲಿ ಮಳೆ ಅಂಕಿ ಯಾವ ಕೇಂದ್ರದ್ದು, ಯಾವ ವರ್ಷಗಳದ್ದು, ಬಿರುಕಿನ ದಿನ ಅಳೆದದ್ದೋ ಲೆಕ್ಕದಿಂದ ಬಂದದ್ದೋ, ಹೊಲಕ್ಕೆ ಎಷ್ಟು ವರ್ಷದಿಂದ ಕಾಲುವೆ ನೀರು ಹರಿಯುತ್ತಿದೆ ಎಂಬುದನ್ನು ಬರೆಯಿರಿ. ಮುಂದೆ ಇನ್ನೊಬ್ಬರು ಇದೇ ಸರ್ವೆ ನಂಬರಿನಲ್ಲಿ ಗುಂಡಿ ತೋಡಿದಾಗ, ಮಣ್ಣು ಬದಲಾಗಿದೆಯೋ ಅಳತೆ ಬದಲಾಗಿದೆಯೋ ಎಂದು ತಿಳಿಯಲು ಅವರಿಗೆ ಸಿಗುವುದು ಆ ಟಿಪ್ಪಣಿ ಮಾತ್ರ.